ಕಾರವಾರದ ಪೇಟೆಯ ಗೋದಲಿ ಸೆಟ್: ಕುರಿಗಾಹಿಯನ್ನು ಮೊದಲು ನೋಡಿ, ರಾಜರನ್ನು ಆಮೇಲೆ

ನವೆಂಬರ್ ಮುಗಿಯುವ ಹೊತ್ತಿಗೆ ಕಾರವಾರದ ಅಂಗಡಿಗಳಲ್ಲಿ ಕ್ರಿಸ್ಮಸ್ ನಕ್ಷತ್ರಗಳ ಜೊತೆ ಗೋದಲಿ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ದೃಶ್ಯ ಜೋಡಿಸುವ ಗೊಂಬೆಗಳೂ ಬಂದು ಕೂರುತ್ತವೆ. ಸಾಮಾನ್ಯವಾಗಿ ಕೈಗೆ ಸಿಗುವುದು 6 ಇಂಚು ಎತ್ತರದ, 11 ಗೊಂಬೆಗಳ ಪ್ಲಾಸ್ಟರ್ ಸೆಟ್. ಬಾಲಯೇಸು, ಮರಿಯಮ್ಮ, ಜೋಸೆಫರು, ಮೂವರು ರಾಜರು, ಒಬ್ಬ ದೇವದೂತ, ಒಬ್ಬ ಕುರಿಗಾಹಿ, ಒಂದು ಹಸು, ಒಂದು ಕತ್ತೆ, ಒಂದು ಕುರಿ. ಮನೆಯ ಮೂಲೆಯಲ್ಲಿ 3 ಅಡಿ ಅಗಲ, 2 ಅಡಿ ಆಳದ ಮೇಜಿಗೆ ಈ ಅಳತೆ ಸರಿಯಾಗುತ್ತದೆ. ಬಣ್ಣ, ನಯ ಎಲ್ಲ ಪರವಾಗಿಲ್ಲ. ಕೊರತೆ ಇರುವುದು ಲೆಕ್ಕದಲ್ಲಿ.

ಬೈಬಲಿನಲ್ಲಿ ಲೂಕನ ಶುಭಸಂದೇಶದ 2ನೇ ಅಧ್ಯಾಯ ತೆರೆದು ನೋಡಿ. ಯೇಸು ಹುಟ್ಟಿದ ಸುದ್ದಿ ಹೆರೋದನ ಅರಮನೆಗೆ ಮೊದಲು ಹೋಗಲಿಲ್ಲ, ಜೆರುಸಲೇಮಿನ ದೇವಾಲಯದ ಯಾಜಕರಿಗೂ ಹೋಗಲಿಲ್ಲ. ಹೊಲದಲ್ಲಿ ರಾತ್ರಿಯೆಲ್ಲ ಮಂದೆ ಕಾಯುತ್ತಿದ್ದವರ ಬಳಿ ಹೋಯಿತು. ಅವರು ಅವಸರದಿಂದ ಹೊರಟು ಬಂದು, ಮಗುವನ್ನು ಕಂಡು, ಕಂಡದ್ದನ್ನು ಊರವರಿಗೆ ಹೇಳಿದರು. ಅಂದರೆ ಸುವಾರ್ತೆಯನ್ನು ಮೊದಲು ಸಾರಿದವರೇ ಅವರು. ಸೆಟ್‌ನಲ್ಲಿ ರಾಜರಾಗಿರುವವರು ಪೂರ್ವದಿಂದ ಬಂದ ಜ್ಯೋತಿಷಿಗಳು, ಅವರ ಕಥೆ ಮತ್ತಾಯನ ಶುಭಸಂದೇಶದಲ್ಲಿದೆ. ಅವರು ಎಷ್ಟು ಮಂದಿ ಎಂದು ಮತ್ತಾಯ ಹೇಳುವುದೇ ಇಲ್ಲ. ಕಾಣಿಕೆಗಳು ಮೂರು, ಅಷ್ಟೇ. ಅವರು ಒಳಗೆ ಹೋದದ್ದೂ ಮನೆಗೆ, ಕೊಟ್ಟಿಗೆಗಲ್ಲ. ಹೀಗಿರುವಾಗ ಹಿಂದಿನಿಂದ ಬಂದವರಿಗೆ ಮೂರು ಗೊಂಬೆ, ಮೊದಲು ಬಂದವರಿಗೆ ಒಂದೇ ಗೊಂಬೆ ಕೊಟ್ಟಿರುವ ಸೆಟ್ ಕಥೆಯನ್ನೇ ತಿರುಗಿಸಿಬಿಟ್ಟಿದೆ. ನಮ್ಮ ಮಟ್ಟಿಗೆ ಇದು ಸಣ್ಣ ಕೊರತೆಯಲ್ಲ. ದೇವರು ಯಾರನ್ನು ಹುಡುಕಿಕೊಂಡು ಹೋದರು ಎಂಬುದೇ ಗೋದಲಿಯ ಮುಖ್ಯ ವಿಷಯ. ಯೇಸು ಹುಟ್ಟಿದ ಅದೇ ಬೆತ್ಲೆಹೇಮಿನಲ್ಲಿ, ಹಿಂದೆ ಪ್ರವಾದಿ ಸಮುವೇಲ ಹೊಸ ರಾಜನನ್ನು ಆರಿಸಲು ಜೆಸ್ಸೆಯ ಮನೆಗೆ ಬಂದಾಗ ಏಳು ಗಂಡುಮಕ್ಕಳನ್ನು ಎದುರು ನಿಲ್ಲಿಸಿದ್ದರು. ಆಯ್ಕೆಯಾದ ದಾವೀದ ಕುರಿ ಮೇಯಿಸಲು ಹೋಗಿದ್ದ, ಅವನನ್ನು ಕರೆಯಬೇಕೆಂದು ಯಾರಿಗೂ ಅನಿಸಿರಲಿಲ್ಲ.

ಆದ್ದರಿಂದ ಸೆಟ್ ಕೊಳ್ಳುವವರು ಅದರ ಜೊತೆಗೆ ಇನ್ನಿಬ್ಬರು ಕುರಿಗಾಹಿಗಳನ್ನೂ ನಾಲ್ಕು ಕುರಿಗಳನ್ನೂ ಬಿಡಿಯಾಗಿ ಕೇಳಿ ತೆಗೆದುಕೊಳ್ಳಬೇಕು. ಬಿಡಿ ಗೊಂಬೆ ಇಡುವ ಅಂಗಡಿಗಳಿವೆ, ಆದರೆ ಡಿಸೆಂಬರ್ ಎರಡನೇ ವಾರದ ನಂತರ ಆಯ್ಕೆ ಉಳಿದಿರುವುದಿಲ್ಲ. ಒಬ್ಬ ಮುದುಕ, ಒಬ್ಬ ಹುಡುಗ, ಹೆಗಲ ಮೇಲೆ ಮರಿ ಹೊತ್ತವನೊಬ್ಬ ಇದ್ದರೆ ಮೂವರೂ ಬೇರೆ ಬೇರೆಯಾಗಿ ಕಾಣುತ್ತಾರೆ. ಮುಖವನ್ನು ಹತ್ತಿರದಿಂದ ನೋಡಿ. ರಾಜರ ಗಡ್ಡ, ಕಿರೀಟ, ಮೇಲಂಗಿಗೆಲ್ಲ ಬೇರೆ ಬೇರೆ ಬಣ್ಣ ಹಾಕಿ, ಕುರಿಗಾಹಿಗೆ ಕಂದು ಬಣ್ಣದ ಒಂದೇ ಕೈ ಬಳಿದು ಕಣ್ಣಿಗೆ ಬರೀ ಚುಕ್ಕೆ ಇಟ್ಟಿರುತ್ತಾರೆ. ಅಂಥದ್ದನ್ನು ತಂದರೂ ಚಿಂತೆಯಿಲ್ಲ. ಸೊನ್ನೆ ನಂಬರಿನ ಬ್ರಷ್ ಮತ್ತು ಅಕ್ರಿಲಿಕ್ ಬಣ್ಣದಲ್ಲಿ ಹುಬ್ಬು, ಕಣ್ಣು, ತುಟಿ ತಿದ್ದಲು ಅರ್ಧ ಗಂಟೆ ಸಾಕು.

ಜೋಸೆಫರ ಗೊಂಬೆ ಎರಡು ಬಗೆಯದು ಸಿಗುತ್ತದೆ: ಕೈಯಲ್ಲಿ ಲಿಲಿ ಹೂವು ಹಿಡಿದದ್ದು, ಲಾಟೀನು ಅಥವಾ ಊರುಗೋಲು ಹಿಡಿದದ್ದು. ಎರಡನೆಯದನ್ನೇ ಆರಿಸಿ. ನಾಲ್ಕು ಶುಭಸಂದೇಶಗಳಲ್ಲಿ ಎಲ್ಲಿಯೂ ಜೋಸೆಫರ ಬಾಯಿಂದ ಬಂದ ಒಂದು ಮಾತೂ ದಾಖಲಾಗಿಲ್ಲ. ಅವರು ಎದ್ದರು, ಹೆಂಡತಿಯನ್ನು ಮನೆಗೆ ಸೇರಿಸಿಕೊಂಡರು, ರಾತ್ರೋರಾತ್ರಿ ಮಗುವನ್ನೂ ತಾಯಿಯನ್ನೂ ಈಜಿಪ್ಟಿಗೆ ಕರೆದೊಯ್ದರು ಎಂದಷ್ಟೇ ಬರೆದಿದೆ. ಮಾತಿಲ್ಲದೆ ಕೆಲಸ ಮಾಡಿದ ಬಡಗಿಯ ಕೈಗೆ ಲಾಟೀನೇ ಒಪ್ಪುತ್ತದೆ. ಫೆಬ್ರವರಿ 2ರ ಯೇಸುವಿನ ಸಮರ್ಪಣೆಯ ಹಬ್ಬದವರೆಗೆ ಗೋದಲಿ ಇಡುವ ಮನೆಗಳಲ್ಲಿ ಎರಡು ಪುಟ್ಟ ಪಾರಿವಾಳಗಳನ್ನೂ ಸೇರಿಸಬಹುದು. ಮಗುವನ್ನು ದೇವಾಲಯದಲ್ಲಿ ಸಮರ್ಪಿಸುವಾಗ ಮರಿಯಮ್ಮ, ಜೋಸೆಫರು ಕೊಟ್ಟದ್ದು ಕುರಿಮರಿ ಕೊಡಲು ಕೈಲಾಗದವರಿಗೆ ಮೋಶೆಯ ನಿಯಮ ಬಿಟ್ಟುಕೊಟ್ಟಿದ್ದ ಹಕ್ಕಿಗಳ ಕಾಣಿಕೆ.

ಅಳತೆಯಲ್ಲೂ ಒಂದು ಎಡವಟ್ಟು ಕಾಣುತ್ತದೆ. ನಿಂತ ಮನುಷ್ಯ 6 ಇಂಚು ಇದ್ದರೆ ಕುರಿ ಹೆಗಲಮಟ್ಟಕ್ಕೆ ಸುಮಾರು ಎರಡೂವರೆ ಇಂಚು, ಹಸು 5 ಇಂಚು, ಆಗತಾನೇ ಹುಟ್ಟಿದ ಮಗು 2 ಇಂಚಿಗಿಂತ ಕಡಿಮೆ ಇರಬೇಕು. ಸೆಟ್‌ನ ಬಾಲಯೇಸು 3 ಇಂಚು ಇರುತ್ತಾನೆ. ಎರಡು ವರ್ಷದ ಮಗು ಮಲಗಿದ ಹಾಗೆ. ಬಿಡಿಯಾಗಿ 4 ಇಂಚಿನ ಸೆಟ್‌ನ ಬಾಲಯೇಸು ಸಿಕ್ಕರೆ ಅದೇ ಇಲ್ಲಿಗೆ ಹೊಂದುತ್ತದೆ. ಮಗುವಿಗೆ ಅಂಟಿಸಿಯೇ ಬರುವ ಚಿನ್ನದ ಬಣ್ಣದ ತೊಟ್ಟಿಲು ಬೇಡ. ಮೇವು ಹಾಕುವ ಗೋದಲಿಯನ್ನು ತೆಂಗಿನ ಚಿಪ್ಪಿನ ತುಂಡು ಅಥವಾ ಅಡಿಕೆ ಹಾಳೆಯಿಂದ ಮಾಡಿಕೊಳ್ಳಬಹುದು, ಮೇಲೆ ಭತ್ತದ ಹುಲ್ಲು.

ಇನ್ನು ಬಾಳಿಕೆ. ಕರಾವಳಿಯಲ್ಲಿ ಪ್ಲಾಸ್ಟರ್ ಗೊಂಬೆಗೆ ಇಬ್ಬರು ಶತ್ರುಗಳು: ತೇವ ಮತ್ತು ಉಪ್ಪುಗಾಳಿ. ಗಟ್ಟಿಯಾದ ಪ್ಲಾಸ್ಟರ್ ಅಂದರೆ ಜಿಪ್ಸಮ್, ಒಳಗೆಲ್ಲ ಸೂಕ್ಷ್ಮ ತೂತುಗಳು. ಮೈಗೆಲ್ಲ ಬಣ್ಣ ಬಳಿದು ಅಡಿಯನ್ನು ಹಾಗೇ ಬಿಟ್ಟಿರುವುದರಿಂದ ತೇವ ಅಲ್ಲಿಂದ ಹತ್ತುತ್ತದೆ, ಬಣ್ಣ ಒಳಗಿನಿಂದ ಉಬ್ಬಿ ಚಕ್ಕೆಯಾಗಿ ಏಳುತ್ತದೆ. ಕೋಲು, ಕೈ, ಕೊಂಬುಗಳ ಒಳಗೆ ಕಬ್ಬಿಣದ ತಂತಿ ಇರುತ್ತದೆ. ತುಕ್ಕು ಹಿಡಿದ ಕಬ್ಬಿಣ ಮೊದಲಿಗಿಂತ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಪ್ಲಾಸ್ಟರ್ ಸೀಳುತ್ತದೆ. ಮಣಿಕಟ್ಟಿನ ಹತ್ತಿರ ಕಂದು ಕಲೆ ಕಂಡರೆ ಅಂಗಡಿಯಲ್ಲೇ ಬಿಟ್ಟುಬನ್ನಿ. ಕೊಳ್ಳುವಾಗ ಗೊಂಬೆಯನ್ನು ತಿರುವಿ ಅಡಿಯನ್ನು ಉಗುರಿನಿಂದ ಕೆರೆಯಿರಿ. ಪುಡಿ ಉದುರಿದರೆ ಕಲಸುವಾಗ ನೀರು ಜಾಸ್ತಿಯಾಗಿದೆ. ಬೆರಳಿನಿಂದ ತಟ್ಟಿ: ಒಣಗಿದ್ದು ಟಣ್ ಎನ್ನುತ್ತದೆ, ಬಿರುಕಿದ್ದರೆ ಅಥವಾ ಹಸಿಯಿದ್ದರೆ ದನಿ ಮಂಕಾಗಿರುತ್ತದೆ. ಮನೆಗೆ ತಂದ ಮೇಲೆ ಒಂದು ದಿನ ನೆರಳಲ್ಲಿ ಒಣಗಿಸಿ, ಅಡಿಗೆ ಎರಡು ಕೈ ಅಕ್ರಿಲಿಕ್ ಬಣ್ಣವನ್ನೋ ವಾರ್ನಿಶ್ಶನ್ನೋ ಹಚ್ಚಿದರೆ ಗೊಂಬೆಯ ಆಯಸ್ಸು ಹೆಚ್ಚುತ್ತದೆ.

ಕುತ್ತಿಗೆಯೋ ಕೊಂಬೋ ಮುರಿದರೆ ನೇರವಾಗಿ ಫೆವಿಕಾಲ್ ಹಾಕಿ ಒತ್ತಬೇಡಿ. ಪ್ಲಾಸ್ಟರ್ ಅಂಟಿನ ನೀರನ್ನೆಲ್ಲ ಹೀರಿಕೊಂಡು ಕೂಡಿಕೆ ಬಲ ಕಳೆದುಕೊಳ್ಳುತ್ತದೆ. ಒಂದು ಪಾಲು ಫೆವಿಕಾಲ್‌ಗೆ ಮೂರು ಪಾಲು ನೀರು ಬೆರೆಸಿ ಎರಡೂ ಮುಖಕ್ಕೆ ಸವರಿ, ಒಣಗಲು ಬಿಡಿ. ಆಮೇಲೆ ಗಟ್ಟಿ ಅಂಟು ಹಚ್ಚಿ, ಒತ್ತಿ, ಟೇಪು ಸುತ್ತಿ 24 ಗಂಟೆ ಅಲುಗಾಡಿಸದೆ ಇಡಿ. ಸಂದನ್ನು ಗೋಡೆಯ ಪುಟ್ಟಿಯಿಂದ ತುಂಬಿ, 220 ನಂಬರಿನ ಸ್ಯಾಂಡ್‌ಪೇಪರಿನಿಂದ ಉಜ್ಜಿ, ಬಣ್ಣ ಹಚ್ಚಿದರೆ ಗಾಯ ಕಾಣುವುದಿಲ್ಲ.

ರೆಸಿನ್ ಸೆಟ್‌ಗಳು ದುಬಾರಿ, ತೇವಕ್ಕೆ ಹೆದರುವುದಿಲ್ಲ, ಬಿಸಿಲಲ್ಲಿಟ್ಟರೆ ಬಿಳಿ ಬಣ್ಣ ಹಳದಿಗೆ ತಿರುಗುತ್ತದೆ. ಚರ್ಚಿನ ಅಂಗಳದಂಥ ತೆರೆದ ಜಾಗಕ್ಕೆ, ಮೇಲೆ ಮಾಡು ಇದ್ದರೆ, ಅವೇ ಸರಿ.

ಮನೆಗಾದರೆ ನಮಗೆ ಹಿಡಿಸುವುದು ಇನ್ನೊಂದು ದಾರಿ: ಪವಿತ್ರ ಕುಟುಂಬವನ್ನಷ್ಟೇ ಪೇಟೆಯಿಂದ ತಂದು, ಉಳಿದವರನ್ನು ಮಣ್ಣಿನಲ್ಲಿ ಮಾಡಿಸುವುದು. ಚೌತಿಗೆ ಗಣಪತಿ ಮಾಡುವ ಕಲಾವಿದರು ಜಿಲ್ಲೆಯ ಉದ್ದಕ್ಕೂ ಇದ್ದಾರೆ. ಚೌತಿಯ ಗಡಿಬಿಡಿ ಮುಗಿದ ಮೇಲೆ ಅವರನ್ನು ಕೇಳಿ ನೋಡಬಹುದು. ಅಕ್ಟೋಬರ್ ಕೊನೆಗೆ ಹೇಳಿಡಬೇಕು, ಏಕೆಂದರೆ ಮಳೆಯ ತೇವ ಉಳಿದಿರುವ ಆ ದಿನಗಳಲ್ಲಿ 6 ಇಂಚಿನ ತುಂಬುಗೊಂಬೆ ನೆರಳಲ್ಲಿ ನಿಧಾನಕ್ಕೆ ಒಣಗಲು ಎರಡು ವಾರ ಬೇಕು. ಬಿಸಿಲಿಗಿಟ್ಟರೆ ಹೊರಮೈ ಮೊದಲು ಕುಗ್ಗಿ ಬಿರುಕು ಬಿಡುತ್ತದೆ. ಒಳಗೆ ಟೊಳ್ಳಿಲ್ಲದ ಗೊಂಬೆಯನ್ನು ಸುಡಲು ಹೋಗಬೇಡಿ. ಉಳಿದ ತೇವ ಆವಿಯಾಗಿ ಗೊಂಬೆಯನ್ನು ಸಿಡಿಸುತ್ತದೆ.

ಯಾರ ಗೊಂಬೆ ಮಾಡಿಸುವುದು? ಮೀನಿನ ಬುಟ್ಟಿ ಹೊತ್ತ ಹೆಂಗಸು, ಬಲೆ ಹೊಲಿಯುವವನು, ತೆಂಗಿನಕಾಯಿ ಕೊಯ್ಯುವವನು, ಹಳಿಯಾಳ, ಯಲ್ಲಾಪುರದ ಕಾಡಂಚಿನ ಸಿದ್ದಿ ಕುಟುಂಬ. ಬೆತ್ಲೆಹೇಮಿನಲ್ಲಿ ಇವರೆಲ್ಲಿದ್ದರು ಎಂದು ಕೇಳುವವರಿದ್ದಾರೆ. ಹಸು, ಕತ್ತೆಗಳೂ ಶುಭಸಂದೇಶದ ಜನನದ ಕಥೆಯಲ್ಲಿಲ್ಲ. ಅವು ಯೆಶಾಯನ ಗ್ರಂಥದ ಮೊದಲ ಅಧ್ಯಾಯದಿಂದ ಬಂದವು. 1223ರಲ್ಲಿ ಸಂತ ಫ್ರಾನ್ಸಿಸ್ ಅಸಿಸಿಯವರು ಇಟಲಿಯ ಗ್ರೆಚ್ಚೊದಲ್ಲಿ ಗೋದಲಿ ಕಟ್ಟಿದಾಗ ಗೊಂಬೆಗಳೇ ಇರಲಿಲ್ಲ. ಹುಲ್ಲು, ಜೀವಂತ ಎತ್ತು, ಕತ್ತೆ, ಸುತ್ತ ದೀವಟಿಗೆ ಹಿಡಿದು ಬಂದ ಊರಿನ ಜನ. 2019ರ ಡಿಸೆಂಬರ್ 1ರಂದು ಪೋಪ್ ಫ್ರಾನ್ಸಿಸ್ ಅದೇ ಗ್ರೆಚ್ಚೊದಲ್ಲಿ ಸಹಿ ಮಾಡಿದ ಪತ್ರದಲ್ಲಿ, ಶುಭಸಂದೇಶದಲ್ಲಿ ಹೆಸರಿಲ್ಲದ ಕಮ್ಮಾರ, ರೊಟ್ಟಿ ಸುಡುವವ, ನೀರು ಹೊರುವ ಹೆಂಗಸರನ್ನು ಗೋದಲಿಯಲ್ಲಿ ಇಡುವ ರೂಢಿಯನ್ನು ಮೆಚ್ಚಿಯೇ ಬರೆದಿದ್ದಾರೆ. ಯೇಸು ಮೊದಲು ಕರೆದ ಶಿಷ್ಯರೂ ಗಲಿಲೇಯದ ಮೀನುಗಾರರು. ಬೈತಖೋಲದ ಬಂದರಿನ ನಾಡಿನಲ್ಲಿ ಗೋದಲಿಯ ಪಕ್ಕ ಬಲೆ ಕಾಣದಿದ್ದರೆ ಏನೋ ಬಿಟ್ಟುಹೋದಂತೆಯೇ.

ಜೋಡಿಸುವಾಗ ಹಸಿರಿಗೆ ಪ್ಲಾಸ್ಟಿಕ್ ಹುಲ್ಲು ಬೇಡ. ಡಿಸೆಂಬರ್ 11ಕ್ಕೆ ಭತ್ತ ನೆನೆಹಾಕಿ, 24 ಗಂಟೆಯ ನಂತರ ಒದ್ದೆ ಗೋಣಿಯಲ್ಲಿ ಕಟ್ಟಿಟ್ಟು, ಮೊಳಕೆ ಕಂಡೊಡನೆ ತಟ್ಟೆಯಲ್ಲಿ ಒಂದು ಇಂಚು ಮಣ್ಣಿನ ಮೇಲೆ ಒತ್ತಾಗಿ ಹರಡಿ. ಕ್ರಿಸ್ಮಸ್ ಹೊತ್ತಿಗೆ ಬೆರಳುದ್ದ ಸಸಿ ಬಂದಿರುತ್ತದೆ. ಆದರೆ ಗೊಂಬೆಗಳನ್ನು ಈ ಒದ್ದೆ ಮಣ್ಣಿನ ಮೇಲೆ ನಿಲ್ಲಿಸಬೇಡಿ, ಅಡಿಯಲ್ಲಿ ಹೆಂಚಿನ ಚೂರು ಇಡಿ. ದೀಪಕ್ಕೆ ಎಲ್‌ಇಡಿ ಸರ ಮಾತ್ರ. ಹಳೆಯ ಬಲ್ಬಿನ ಸರ ಬಿಸಿಯಾಗಿ ಒಣಹುಲ್ಲಿಗೆ ಬೆಂಕಿ ತಗಲುವ ಅಪಾಯವಿದೆ. ವೈರಿನ ಜೋಡಣೆ ಹುಲ್ಲಿನೊಳಗೆ ಬರಬಾರದು. 24ರ ರಾತ್ರಿಯವರೆಗೆ ಮೇವಿನ ಗೋದಲಿ ಖಾಲಿಯಿರಲಿ. ಕುರಿಗಾಹಿಗಳನ್ನು ಮಗುವಿನ ಹತ್ತಿರಕ್ಕೆ ತರುವುದು ಅದೇ ರಾತ್ರಿ. ರಾಜರು ಕಿಟಕಿಯ ಬಳಿಯೋ ಕಪಾಟಿನ ಮೇಲೋ ದೂರದಲ್ಲಿದ್ದು, ಜನವರಿಯ ಮೂರು ರಾಜರ ಹಬ್ಬಕ್ಕೆ ತಲುಪಲಿ.

11 ಗೊಂಬೆಗಳ ಪ್ಲಾಸ್ಟರ್ ಸೆಟ್‌ಗೆ, ಇದ್ದಂತೆಯೇ ಕೊಂಡರೆ, 5ಕ್ಕೆ 2 ಅಂಕ. ಇಬ್ಬರು ಕುರಿಗಾಹಿಗಳು, ನಾಲ್ಕು ಕುರಿಗಳು ಸೇರಿದರೆ 4. ಹಣ ಸಾಲದಿದ್ದರೆ ರಾಜರನ್ನು ಮುಂದಿನ ವರ್ಷಕ್ಕೆ ಬಿಡಿ.

ತೆಗೆದಿಡುವಾಗ ಪ್ರತಿ ಗೊಂಬೆಯನ್ನು ಒಣಬ್ರಷ್‌ನಿಂದ ಒರೆಸಿ, ಹಳೆಯ ಹತ್ತಿಬಟ್ಟೆಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ. ಬರೀ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದಿಟ್ಟರೆ ಒಳಗಿನ ತೇವವೇ ಬೂಷ್ಟು ತರುತ್ತದೆ. ಕಾರವಾರದ ಮಳೆ ವರ್ಷಕ್ಕೆ 3000 ಮಿ.ಮೀ. ಆಸುಪಾಸು, ಆದ್ದರಿಂದ ಪೆಟ್ಟಿಗೆ ನೆಲದ ಮೇಲಾಗಲಿ ಹೊರಗೋಡೆಗೆ ತಾಗಿಕೊಂಡಾಗಲಿ ಇರಬಾರದು. ಜೂನ್ ಬರುವ ಮೊದಲು ಒಮ್ಮೆ, ಸೆಪ್ಟೆಂಬರ್ ಕಳೆದ ಮೇಲೆ ಒಮ್ಮೆ ಬಿಚ್ಚಿ ಗಾಳಿಯಾಡಿಸಿ, ಸಿಲಿಕಾ ಜೆಲ್ ಬದಲಿಸಿ.