ಅಪಘಾತದ ಆಘಾತ: ನಿದ್ದೆ ಮಾತ್ರೆಯೋ, ಸಿಬಿಟಿಯೋ?

ಬೈಕ್ ಬಿದ್ದು ವಾರವಾಯ್ತು. ಗಾಯ ಒಣಗಿದೆ, ಆದರೆ ಲಾರಿ ಹಾರ್ನ್ ಕೇಳಿದರೆ ತಂಗಿಯ ಕೈ ನಡುಗಿ ಕಾಫಿ ಲೋಟ ತುಳುಕುತ್ತದೆ, ಕಣ್ಣು ಮುಚ್ಚಿದರೆ ಮತ್ತೆ ಅದೇ ತಿರುವು. ಇಂಥದ್ದು ಘಟನೆಯ ನಂತರ 3 ದಿನದಿಂದ 1 ತಿಂಗಳವರೆಗೆ ಕಾಡಿದರೆ ತೀವ್ರ ಒತ್ತಡದ ಕಾಯಿಲೆ ಇರಬಹುದು. ತಿಂಗಳು ದಾಟಿದರೆ ಆಘಾತದ ನಂತರ ಉಳಿದುಬಿಡುವ ಒತ್ತಡದ ಕಾಯಿಲೆ, ಅಂದರೆ ಪಿಟಿಎಸ್‌ಡಿ ಅನುಮಾನ.

ಮಾತ್ರೆ ಬೇಗ ನಿದ್ದೆ ತರುತ್ತದೆ, ನಿಜ. ಆದರೆ ಅಲ್ಪ್ರಾಜೊಲಾಮ್‌ನಂಥವು ಚಟವಾಗಬಹುದು, ಮೊದಲ ತಿಂಗಳಲ್ಲಿ ಈ ಲಕ್ಷಣಗಳಿಗೆ ಅಂಥ ಮಾತ್ರೆ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. (ಈಗಾಗಲೇ ನುಂಗುತ್ತಿದ್ದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.)

ಸಿಬಿಟಿ, ಅಂದರೆ ಮಾತುಕತೆಯ ಮೂಲಕ ಯೋಚನೆ, ನಡವಳಿಕೆ ಬದಲಿಸುವ ಚಿಕಿತ್ಸೆ, ನಿಧಾನ. ವಾರವಾರ ಕೂತು ಆ ನೆನಪನ್ನೇ ಮೆಲ್ಲಗೆ ಎದುರಿಸಬೇಕು, ಮೊದಮೊದಲು ಅಳು ಜಾಸ್ತಿಯೇ ಬರಬಹುದು. ಆದರೂ ನನ್ನ ಆಯ್ಕೆ ಅದೇ. ಎಲ್ಲಿಂದ ಶುರು ಮಾಡೋದು ಗೊತ್ತಾಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ಗೆ, 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.