ಕ್ವಾಡ್9 ಡಿಎನ್‌ಎಸ್: ಮೊದಲು ಟೂಲ್‌ಬಾರ್ ಕೀಳಿ, ಆಮೇಲೆ ಇದನ್ನು ಹಾಕಿ

ಮುಂಬಯಿಯ ಲ್ಯಾಮಿಂಗ್ಟನ್ ರೋಡಿನಿಂದ ತಂದ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪಿನ ಬ್ರೌಸರ್‌ನಲ್ಲಿ ಗುರುತಿಲ್ಲದ ಟೂಲ್‌ಬಾರ್ ಕಂಡರೆ ಮೊದಲು ಅದನ್ನು ತೆಗೆಯಿರಿ. ‘ಎಲ್ಲ ಸೈಟ್‌ಗಳ ಡೇಟಾ ಓದಬಹುದು, ಬದಲಿಸಬಹುದು’ ಎಂಬ ಅನುಮತಿ ಪಡೆದ ಇಂಥ ಎಕ್ಸ್‌ಟೆನ್ಶನ್ (ಬ್ರೌಸರ್‌ಗೆ ಸೇರಿಸುವ ಚಿಕ್ಕ ತಂತ್ರಾಂಶ) ಪುಟದ ಒಳಗೇ ಕೂತಿರುತ್ತದೆ. ಡಿಎನ್‌ಎಸ್, ಅಂದರೆ ಸೈಟ್ ಹೆಸರು ಕೇಳಿದರೆ ಅದರ ಅಂಕಿ ವಿಳಾಸ ಹೇಳುವ ಸೇವೆ, ಬದಲಿಸಿದ ಮಾತ್ರಕ್ಕೆ ಅದರ ಕಣ್ಣು ಮುಚ್ಚುವುದಿಲ್ಲ.

ಆಮೇಲೆ ಕ್ವಾಡ್9. ಸ್ವಿಟ್ಜರ್ಲೆಂಡಿನ ಲಾಭರಹಿತ ಸಂಸ್ಥೆಯ ಉಚಿತ ಸೇವೆ. ವೈರಸ್ ಹರಡುವ, ಪಾಸ್‌ವರ್ಡ್ ಕದಿಯುವ ಸೈಟ್‌ಗಳ ಹೆಸರಿಗೆ ಉತ್ತರವನ್ನೇ ಕೊಡುವುದಿಲ್ಲ. ಜಾಹೀರಾತು ಮಾತ್ರ ತಡೆಯದು. ರೌಟರ್‌ನಲ್ಲಿ 9.9.9.9 ಮತ್ತು 149.112.112.112 ಎರಡನ್ನೂ ಹಾಕಿ. ಎರಡನೆಯ ಜಾಗಕ್ಕೆ ಬೇರೆ ಸೇವೆಯ ವಿಳಾಸ ಕೊಟ್ಟರೆ ಸೈಟ್ ವಿಳಾಸ ಕೇಳುವ ಕೆಲವು ವಿಚಾರಣೆಗಳು ಅತ್ತ ಹೋಗಿ ರಕ್ಷಣೆ ತಪ್ಪುತ್ತದೆ.

ಹೀಗೆ ಹಾಕಿದರೂ ವಿಚಾರಣೆ ಗೂಢಲಿಪಿಯಲ್ಲಿ ಹೋಗುವುದಿಲ್ಲ, ಇಂಟರ್ನೆಟ್ ಕೊಡುವವರು ಓದಬಲ್ಲರು. ಅದಕ್ಕೆ ಫೈರ್‌ಫಾಕ್ಸ್ ಅಥವಾ ಕ್ರೋಮ್‌ನಲ್ಲಿ ಸುರಕ್ಷಿತ ಡಿಎನ್‌ಎಸ್, ಆಂಡ್ರಾಯ್ಡ್‌ನಲ್ಲಿ ಪ್ರೈವೇಟ್ ಡಿಎನ್‌ಎಸ್ ಆನ್ ಮಾಡಿ, ಅಲ್ಲೂ ಕ್ವಾಡ್9 ಅನ್ನೇ ಕೊಡಿ. ಒಂದು ತೊಡಕಿದೆ: ಗೋವಾದ ಹೋಟೆಲ್ ವೈಫೈಯಲ್ಲಿ ಲಾಗಿನ್ ಪುಟ ತೆರೆಯದೇ ಹೋಗಬಹುದು, ಏಕೆಂದರೆ ಪ್ರೈವೇಟ್ ಡಿಎನ್‌ಎಸ್ ಹೋಗುವ ದಾರಿಯಾದ ಪೋರ್ಟ್ 853 ಅನ್ನು ಕೆಲವು ಕಡೆ ಮುಚ್ಚಿರುತ್ತಾರೆ. ಪ್ರೈವೇಟ್ ಡಿಎನ್‌ಎಸ್ ಅನ್ನು ‘ಆಟೊಮ್ಯಾಟಿಕ್’ಗೆ ತಂದು ಲಾಗಿನ್ ಆಗಿ, ಮತ್ತೆ ಹಾಕಿ ನೋಡಿ.