ಉಗುರಿನ ಫಂಗಸ್‌ಗೆ ಲೇಸರ್, ನೀಲಿ ಬೆಳಕು, ಲ್ಯಾಕರ್, ಮಾತ್ರೆ: ನಾಲ್ಕನ್ನೂ ಬಳಸಿ ನೋಡಿದ ಹೋಲಿಕೆ

ನನ್ನ ಎರಡೂ ಕಾಲಿನ ಹೆಬ್ಬೆರಳಿನ ಉಗುರಿಗೆ ಫಂಗಸ್ ಹಿಡಿದಿತ್ತು. ಎಡಗಾಲಿನ ಎರಡನೇ ಬೆರಳಿಗೂ ಹಬ್ಬಿತ್ತು. ಉಗುರು ಹಳದಿಯಾಗಿ, ದಪ್ಪಗಾಗಿ, ಅಂಚಿನಲ್ಲಿ ಪುಡಿ ಪುಡಿ ಉದುರುತ್ತಿತ್ತು. ಒಂದೇ ದೇಹ, ಒಂದೇ ಫಂಗಸ್. ಹಾಗಾಗಿ ಚಿಕಿತ್ಸೆಗಳನ್ನು ಅಕ್ಕಪಕ್ಕ ಇಟ್ಟು ನೋಡಲು ಅವಕಾಶ ಸಿಕ್ಕಿತು. ಬಲ ಹೆಬ್ಬೆರಳಿಗೆ ಲೇಸರ್, ಎಡ ಹೆಬ್ಬೆರಳಿಗೆ ನೈಲ್ ಪಾಲಿಶ್ ಹಾಗೆ ಹಚ್ಚುವ ಔಷಧದ ಲ್ಯಾಕರ್, ಎರಡನೇ ಬೆರಳಿಗೆ ಮನೆಯಲ್ಲೇ ಹಾಕಿಕೊಳ್ಳುವ ನೀಲಿ ಬೆಳಕಿನ ಯಂತ್ರ. ಮಾತ್ರೆ ಕೊನೆಗೆ ಬಂತು.

ಇದಕ್ಕೆಲ್ಲ ಮೊದಲು ಟೆಸ್ಟ್. ದಪ್ಪಗಾಗಿ ಕೆಟ್ಟ ಉಗುರುಗಳಲ್ಲಿ ಸುಮಾರು ಅರ್ಧದಷ್ಟಕ್ಕೆ ಮಾತ್ರ ಫಂಗಸ್ ಕಾರಣ. ಉಳಿದದ್ದು ಸೋರಿಯಾಸಿಸ್, ಬೂಟಿನ ಒತ್ತಡ, ಹಳೆಯ ಪೆಟ್ಟು, ಹೀಗೆ. ಸ್ಕಿನ್ ಡಾಕ್ಟರ್ ಉಗುರಿನಡಿಯ ಪುಡಿಯನ್ನು ಕೆರೆದು ತೆಗೆದು ಪರೀಕ್ಷೆಗೆ ಕಳಿಸಿದರು. ಟ್ರೈಕೋಫೈಟಾನ್ ರೂಬ್ರಮ್ ಅಂತ ಬಂತು. ಕಾಲುಗುರಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಕಾಣುವ ಫಂಗಸ್ ಇದೇ. ಟೆಸ್ಟ್ ಮಾಡಿಸದೆ ನೇರವಾಗಿ ಲೇಸರ್‌ಗೆ ಕೂರಿಸುವ ಜಾಗಕ್ಕೆ ದಯವಿಟ್ಟು ಹೋಗಬೇಡಿ.

ಗುಣವಾಗುತ್ತಿದೆಯೋ ಇಲ್ಲವೋ ನೋಡಲು ಡಾಕ್ಟರ್ ಒಂದು ಸುಲಭದ ದಾರಿ ಹೇಳಿಕೊಟ್ಟರು. ಉಗುರಿನ ಚೆನ್ನಾಗಿರುವ ಭಾಗ ಎಲ್ಲಿ ಮುಗಿಯುತ್ತದೋ ಅಲ್ಲಿ ಅರದಿಂದ ಸಣ್ಣದೊಂದು ಗೀರು. ಉಗುರು ಬೆಳೆದ ಹಾಗೆ ಗೀರು ಮುಂದೆ ಸಾಗುತ್ತದೆ. ಹಳದಿ ಗೀರಿನ ಮುಂದೆಯೇ ಉಳಿದರೆ ಚಿಕಿತ್ಸೆ ಹಿಡಿದಿದೆ. ಗೀರು ದಾಟಿ ಬುಡದ ಕಡೆ ಬಂದರೆ ಹಿಡಿದಿಲ್ಲ. ಹೆಬ್ಬೆರಳಿನ ಉಗುರು ತಿಂಗಳಿಗೆ ಸುಮಾರು 1.5 ಮಿಲಿಮೀಟರ್ ಅಷ್ಟೇ ಬೆಳೆಯುವುದು. ಪೂರ್ತಿ ಹೊಸ ಉಗುರು ಬರಲು 12ರಿಂದ 18 ತಿಂಗಳು ಬೇಕು. ಎರಡು ವಾರದ ಫೋಟೋ ತೋರಿಸುವ ಜಾಹೀರಾತನ್ನು ಹೇಗೆ ನಂಬುವುದು ಹೇಳಿ?

ಈಗ ಲೇಸರ್. ನನಗೆ ಬಳಸಿದ್ದು 1064 ನ್ಯಾನೋಮೀಟರ್ ತರಂಗಾಂತರದ, ಎನ್‌ಡಿ ಯಾಗ್ ಅನ್ನುವ ಬಗೆಯ ಲೇಸರ್. ಕಣ್ಣಿಗೆ ಕನ್ನಡಕ ಹಾಕಿ, ದಪ್ಪ ಉಗುರನ್ನು ಉಜ್ಜಿ ತೆಳು ಮಾಡಿ, ಲೇಸರ್ ತುದಿಯನ್ನು ಉಗುರಿನ ಉದ್ದಗಲಕ್ಕೂ ಓಡಿಸುತ್ತಾರೆ. ಮೊದಲು ಬೆಚ್ಚಗೆ, ಆಮೇಲೆ ಚುರುಕ್ ಅನ್ನುತ್ತದೆ. ತಡೆಯಲಾಗದಿದ್ದರೆ ಕೈ ಎತ್ತಿ, ನಿಲ್ಲಿಸುತ್ತೇವೆ ಅಂದಿದ್ದರು. ಇದರ ಕಷ್ಟ ಇರುವುದೇ ಇಲ್ಲಿ. ಲೇಸರ್ ಕೆಲಸ ಮಾಡುವುದು ಮುಖ್ಯವಾಗಿ ಬಿಸಿಯಿಂದ. ಆದರೆ ಉಗುರಿನಡಿಯ ಚರ್ಮಕ್ಕೆ 43–45 ಡಿಗ್ರಿಯಲ್ಲೇ ನೋವು ಶುರು. ಫಂಗಸ್ ಸಾಯಲು ಅದಕ್ಕಿಂತ ಜಾಸ್ತಿ ಬಿಸಿ, ಜಾಸ್ತಿ ಹೊತ್ತು ಬೇಕು. ನಾವು ತಡೆದುಕೊಳ್ಳುವಷ್ಟು ಬಿಸಿಯಲ್ಲಿ ಅದು ಪೂರ್ತಿ ಸಾಯುವುದು ಕಷ್ಟ.

ನನ್ನ ಬಲ ಉಗುರು ಮೊದಲ ಕೆಲವು ತಿಂಗಳು ನಿಜಕ್ಕೂ ಚೆನ್ನಾಗಿ ಕಂಡಿತು. ಬುಡದಲ್ಲಿ ತಿಳಿ ಗುಲಾಬಿ ಬಣ್ಣ ಬಂತು. ಸಿಟ್ಟಿಂಗ್‌ಗಳು ಮುಗಿದ ಮೇಲೆ ಹಳದಿ ಒಂದು ಪಕ್ಕದಿಂದ ಮತ್ತೆ ಗೀರು ದಾಟಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಈ ಲೇಸರ್‌ಗಳಿಗೆ ಒಪ್ಪಿಗೆ ಕೊಟ್ಟ ಮಾತನ್ನೇ ನೋಡಿ: ಉಗುರಿನ ತಿಳಿಯಾದ ಭಾಗ ತಾತ್ಕಾಲಿಕವಾಗಿ ಹೆಚ್ಚಲು, ಅಷ್ಟೇ. ಫಂಗಸ್ ಗುಣವಾಗುತ್ತದೆ ಅಂತ ಅದರಲ್ಲಿಲ್ಲ. ನನ್ನ ಕಾಲಲ್ಲಿ ಆಗಿದ್ದೂ ಅದೇ.

ಮನೆಯ ನೀಲಿ ಬೆಳಕಿನ ಬಗ್ಗೆ ಹೇಳಲು ಹೆಚ್ಚೇನಿಲ್ಲ. ನೋವಿಲ್ಲ, ಬಿಸಿಯಿಲ್ಲ, ಬದಲಾವಣೆಯೂ ಇಲ್ಲ. ಎರಡನೇ ಬೆರಳಿನ ಹಳದಿ ತನ್ನ ಪಾಡಿಗೆ ಬುಡದ ಕಡೆ ನಡೆಯಿತು.

ಹಾಗಂತ ಬೆಳಕಿನಿಂದ ಸೋಂಕು ಗುಣವಾಗುವುದೇ ಸುಳ್ಳು ಅಂದುಕೊಳ್ಳಬೇಡಿ. ಚರ್ಮದ ಕ್ಷಯಕ್ಕೆ ಬೆಳಕಿನ ಚಿಕಿತ್ಸೆ ಕೊಟ್ಟದ್ದಕ್ಕೇ ವೈದ್ಯ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಬಂತು. ಮೊಡವೆಯ ಬ್ಯಾಕ್ಟೀರಿಯಾದೊಳಗೆ ಪಾರ್ಫಿರಿನ್ ಅನ್ನುವ ವಸ್ತು ಇರುತ್ತದೆ. ಅದು 415 ನ್ಯಾನೋಮೀಟರ್ ಆಸುಪಾಸಿನ ನೀಲಿ ಬೆಳಕನ್ನು ಹೀರುತ್ತದೆ, ಅದರಿಂದಲೇ ಬ್ಯಾಕ್ಟೀರಿಯಾ ಸಾಯುತ್ತದೆ. ಅಂಗಾಲಿನ ನರಹುಲಿಗೆ ಕೆಲವೇ ಸೆಕೆಂಡ್ ಮೈಕ್ರೋವೇವ್ ಕೊಡುವ ಯಂತ್ರಗಳೂ ಇವೆ. ಕಿರಣ ಸೋಂಕಿನ ತನಕ ತಲುಪಬೇಕು, ಸುತ್ತಲಿನ ಚರ್ಮ ಉಳಿಯಬೇಕು. ದಪ್ಪ ಉಗುರಿನಡಿಯ ಫಂಗಸ್ ವಿಷಯದಲ್ಲಿ ಈ ಎರಡೂ ಒಟ್ಟಿಗೆ ಕೂಡಿಬರುವುದು ಕಷ್ಟ. ಎರಡನೆಯದನ್ನು ಮರೆತರೆ ಏನಾಗುತ್ತದೆ ಅನ್ನುವುದಕ್ಕೂ ಚರಿತ್ರೆ ಇದೆ. ಮಕ್ಕಳ ತಲೆಯ ಹುಳುಕಡ್ಡಿಗೆ (ಅದೂ ಫಂಗಸ್ ಸೋಂಕೇ) 20ನೇ ಶತಮಾನದ ಮೊದಲರ್ಧದಲ್ಲಿ ಎಕ್ಸ್‌ರೇ ಕೊಡುತ್ತಿದ್ದರು. ಕೂದಲು ಉದುರಿ ಹುಳುಕಡ್ಡಿ ಹೋಗುತ್ತಿತ್ತು. ಆದರೆ ಎಷ್ಟೋ ವರ್ಷ ಕಳೆದ ಮೇಲೆ ಅವರಲ್ಲಿ ಥೈರಾಯ್ಡ್ ಕ್ಯಾನ್ಸರ್, ಮೆದುಳಿನ ಗಡ್ಡೆ ಹೆಚ್ಚಾಗಿ ಕಂಡವು. 1958ರಲ್ಲಿ ಗ್ರಿಸಿಯೋಫುಲ್ವಿನ್ ಅನ್ನುವ ಫಂಗಸ್ ಮಾತ್ರೆ ಬಂದ ಮೇಲೆ ಆ ಪದ್ಧತಿ ಹಿಂದೆ ಸರಿಯಿತು. ಆ ಮಕ್ಕಳನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಲ್ಯಾಕರ್ ನಿಧಾನ, ಆದರೆ ನೇರ. ನಾನು ಹಚ್ಚಿದ್ದು ಅಮೊರೋಲ್ಫಿನ್ 5%, ವಾರಕ್ಕೊಮ್ಮೆ, ಉಗುರು ಅರದಿಂದ ಉಜ್ಜಿದ ಮೇಲೆ. ಎಡ ಹೆಬ್ಬೆರಳಿನ ಹಳದಿ ನಿಂತಲ್ಲೇ ನಿಂತಿತು. ಹಿಂದೆ ಬರಲಿಲ್ಲ, ಪೂರ್ತಿ ಹೋಗಲೂ ಇಲ್ಲ. ಹಚ್ಚುವ ಔಷಧಗಳ ಅಂಕಿಗಳೂ ಹೀಗೇ ಸಾಧಾರಣ. ದೊಡ್ಡ ಪ್ರಯೋಗಗಳಲ್ಲಿ ಸಿಕ್ಲೋಪಿರಾಕ್ಸ್ 8% ಲ್ಯಾಕರ್‌ನಿಂದ ಪೂರ್ತಿ ಗುಣವಾದವರು 5.5ರಿಂದ 8.5%. ಎಫಿನಕೊನಜೋಲ್ 10% ದ್ರಾವಣದಿಂದ 15ರಿಂದ 18%. ಸೋಂಕು ಉಗುರಿನ ತುದಿಯಲ್ಲಷ್ಟೇ ಇರುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ನನ್ನ ಉಗುರನ್ನು ಬಿಡಿಸಿದ್ದು ಮಾತ್ರೆ. ಟರ್ಬಿನಾಫಿನ್ 250 ಮಿಲಿಗ್ರಾಂ, ದಿನಕ್ಕೊಂದು, 12 ವಾರ. ಶುರು ಮಾಡುವ ಮುಂಚೆ ಲಿವರ್‌ಗಾಗಿ ರಕ್ತ ಪರೀಕ್ಷೆ. ಕೆಲವರಿಗೆ ನಾಲಿಗೆ ರುಚಿಯೇ ಹೋಗುತ್ತದೆ. ನನಗೆ ಹೊಟ್ಟೆ ತೊಳೆಸಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ. ರಕ್ತದ ಮೂಲಕ ಉಗುರಿನ ಬುಡಕ್ಕೇ ಹೋಗಿ ಸೇರುವುದರಿಂದ, ನುಂಗುವುದು ನಿಲ್ಲಿಸಿದ ಮೇಲೂ ಔಷಧ ತಿಂಗಳುಗಟ್ಟಲೆ ಉಗುರಿನಲ್ಲಿ ಉಳಿಯುತ್ತದೆ. ಪ್ರಯೋಗಗಳಲ್ಲಿ 70% ಜನರಲ್ಲಿ ಫಂಗಸ್ ಹೋಗಿತ್ತು, 38% ಜನರ ಉಗುರು ಪೂರ್ತಿ ತಿಳಿಯಾಗಿತ್ತು. ನನ್ನ ಮೂರೂ ಬೆರಳಲ್ಲಿ ಹಳದಿ ಗೀರಿನ ಮುಂದೆಯೇ ಉಳಿದು, ಉಗುರಿನ ಜೊತೆ ಕತ್ತರಿಸಿ ಹೋಯಿತು.

ಹಾಗಾದರೆ ಲೇಸರ್ ಯಾರಿಗೆ? ಲಿವರ್ ತೊಂದರೆಯಿಂದಲೋ, ಬೇರೆ ಔಷಧಗಳ ಜೊತೆ ಹೊಂದದೆಯೋ ಮಾತ್ರೆ ತೆಗೆದುಕೊಳ್ಳಲಾಗದವರಿಗೆ, ಅದೂ ಲ್ಯಾಕರ್ ಜೊತೆಗೆ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿದ್ದರೆ ಅದನ್ನು ಮೊದಲೇ ಹೇಳಿಬಿಡಿ. ಲೇಸರ್ ಕೊಡುವವರು ಎಲ್ಲಿ ನಿಲ್ಲಿಸಬೇಕು ಅಂತ ತಿಳಿಯುವುದು ನೀವು ಚುರುಕ್ ಅಂದಾಗ. ಅದು ಗೊತ್ತೇ ಆಗದ ಪಾದ ಸುಟ್ಟರೆ ಗಾಯ ಬೇಗ ಮಾಯುವುದಿಲ್ಲ.